ತಕರಾರಿಲ್ಲದವರ ಓಣಿ

ಯಂತ್ರಕ್ಕೆ ನಮ್ಮ ಮೇಲೆ ದ್ವೇಷವಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕೇಳುವವರೆಲ್ಲ ಅದನ್ನೇ ಕೇಳುತ್ತಾರೆ. ಹನ್ನೊಂದು ವರ್ಷ ಅದರ ಎದುರು ಕೂತು ಕೆಲಸ ಮಾಡಿದ್ದೇನೆ. ಒಂದು ದಿನವೂ ಅದು ಯಾರ ಮೇಲಾದರೂ ಸಿಟ್ಟಾದದ್ದನ್ನು ಕಂಡಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಸಿಟ್ಟಾದವರ ಜೊತೆ ಜಗಳವಾದರೂ ಆಡಬಹುದು.

ಅದರ ಹೆಸರು ಸಮಪಾಲು. ಹೆಸರಿಟ್ಟವರು ಒಳ್ಳೆಯ ಮನಸ್ಸಿನಿಂದಲೇ ಇಟ್ಟಿದ್ದರು. ಕಲಬುರಗಿಯ ಬೇಸಿಗೆ ಫೆಬ್ರವರಿಯಿಂದ ಅಕ್ಟೋಬರ್‌ವರೆಗೆ ಹಿಗ್ಗಿ, ನಲವತ್ತೆಂಟು ಡಿಗ್ರಿ ಎಂದರೆ ಜನ "ಇವತ್ತ್ ಪರವಾಗಿಲ್ಲ" ಎನ್ನುವ ಕಾಲ ಬಂದಾಗ ಊರ ಹೊರಗೆ ಒಂದು ಶೀತಲ ಸ್ಥಾವರ ಕಟ್ಟಿದರು. ಅಲ್ಲಿ ತಣಿಸಿದ ನೀರು ನೆಲದಡಿಯ ಕೊಳವೆಗಳಲ್ಲಿ ಹರಿದು ಪ್ರತಿ ಮನೆಯ ಒಂದು ಕೋಣೆಯ ಸೂರಿಗೆ ಬರುತ್ತದೆ. ಸೂರು ತಣ್ಣಗಾದರೆ ಕೋಣೆ ತಣ್ಣಗಾಗುತ್ತದೆ, ಅಷ್ಟೇ ವಿದ್ಯೆ. ಆದರೆ ಇಡೀ ಊರಿಗೆ ಒಂದೇ ಸಲಕ್ಕೆ ಸಾಲುವಷ್ಟು ನೀರಿಲ್ಲ. ಯಾವ ಮನೆಗೆ ಯಾವ ಹೊತ್ತಿಗೆ ಎಷ್ಟು ತಾಸು ಬಿಡಬೇಕು? ಮನುಷ್ಯರು ಹಂಚಿದರೆ ಬೀಗರಿಗೂ ಪುಢಾರಿಗಳಿಗೂ ಹೋಗುತ್ತದೆ ಎಂದು ಯಂತ್ರಕ್ಕೆ ಒಪ್ಪಿಸಿದರು. ಉದ್ಘಾಟನೆಯ ದಿನ ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಅದಕ್ಕೆ ಕೊಟ್ಟ ಆದೇಶ ಒಂದೇ: ಊರಿನಲ್ಲಿ ತಕರಾರು ಕಡಿಮೆಯಾಗಬೇಕು. ಅದಕ್ಕಾಗಿ ಪ್ರತಿ ತಂಪು ಕೋಣೆಯ ಗೋಡೆಯಲ್ಲೂ ಒಂದು ಪೆಟ್ಟಿಗೆ ಕೂರಿಸಿದರು. ಸಂಜೆ ಆರಕ್ಕೆ ಅದು ಮೃದುವಾದ ಹೆಣ್ಣು ದನಿಯಲ್ಲಿ "ಹೇಗಿದ್ದೀರಿ? ಏನಾದರೂ ತೊಂದರೆ ಇದೆಯೇ?" ಎಂದು ಮನೆಯ ಒಬ್ಬೊಬ್ಬರನ್ನೂ ಕೇಳುತ್ತದೆ. ಮಾತನ್ನೂ ತೂಗುತ್ತದೆ, ದನಿಯನ್ನೂ ತೂಗುತ್ತದೆ. ಕಿತ್ತುಕೊಂಡರೂ ಯಾರು ಎಷ್ಟು ಸುಮ್ಮನಿರುತ್ತಾರೆ ಎಂಬುದನ್ನು ನೂರಕ್ಕೆ ಇಷ್ಟು ಎಂದು ಅಂಕ ಹಾಕುತ್ತದೆ. ಆ ಅಂಕಕ್ಕೆ 'ಸೈರಣೆ' ಎಂದು ಹೆಸರು. ಸೈರಣೆ ಹೆಚ್ಚಿದ್ದವರ ತಾಸು ತೆಗೆದು, ಕಡಿಮೆ ಇದ್ದವರಿಗೆ ಕೊಟ್ಟರೆ ತಕರಾರು ತಾನಾಗಿ ಇಳಿಯುತ್ತದೆ ಎಂದು ಅದು ಮೊದಲ ವರ್ಷದಲ್ಲೇ ಕಂಡುಕೊಂಡಿತು. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎಂಬ ಗಾದೆಯನ್ನು ಅದಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ.

ನಮ್ಮ ಜನರ ಕಥೆ ಗೊತ್ತಲ್ಲ. ಹೆಂಗಿದ್ದೀರಿ ಎಂದರೆ ಆಸ್ಪತ್ರೆಯ ಮಂಚದ ಮೇಲೆ ಮಲಗಿದವನೂ "ಆರಾಮ್ ಅದೀನ್ರಿ" ಎನ್ನುತ್ತಾನೆ. ಊಟ ಆಯ್ತಾ ಎಂದರೆ ಹಸಿದು ಬಂದವನೂ "ಈಗಷ್ಟೇ ಆಯ್ತ್ರಿ" ಎನ್ನುತ್ತಾನೆ. ಕೇಳಿದವರಿಗೆ ಭಾರವಾಗಬಾರದು ಎಂಬ ಮರ್ಯಾದೆ ಅದು. ಈ ಮರ್ಯಾದೆಯನ್ನು ಯಂತ್ರ ಅಕ್ಷರಶಃ ನಂಬಿತು. ತಪ್ಪು ನಂಬಿದ ಯಂತ್ರದ್ದೋ ಹೇಳಿದವರದ್ದೋ ಎಂದು ಈಗ ಚರ್ಚೆ ಮಾಡುವಷ್ಟು ತ್ರಾಣ ನನಗಿಲ್ಲ.

ನನ್ನ ಕೆಲಸ ಹೆಬ್ಬೆಟ್ಟು ಒತ್ತುವುದು. ಯಂತ್ರದ ಪ್ರತಿ ತೀರ್ಮಾನಕ್ಕೂ ಒಬ್ಬ ಮನುಷ್ಯನ ಒಪ್ಪಿಗೆ ಇರಬೇಕು ಎಂದು ಕಾನೂನು. ಹಾಗಾಗಿ ಹಂಚಿಕೆ ಕೇಂದ್ರದಲ್ಲಿ ನಲವತ್ತು ಮೇಜು, ನಲವತ್ತು ಹೆಬ್ಬೆಟ್ಟು. ಪರದೆಯ ಮೇಲೆ ಮನೆಯ ಸಂಖ್ಯೆ ಬರುತ್ತದೆ, ಎಷ್ಟು ತಾಸು ಇಳಿಯುತ್ತದೆ ಎಂದು ಬರುತ್ತದೆ, ಓದಿ ಒಪ್ಪಲು ಒಂಬತ್ತು ಸೆಕೆಂಡು. ಒತ್ತದಿದ್ದರೆ ಫೈಲು ಬೇರೆ ಊರಿನ ಮೇಜಿಗೆ ಹೋಗುತ್ತದೆ, ಅಲ್ಲಿ ಯಾರೋ ಒತ್ತುತ್ತಾರೆ. ಕಾನೂನಿಗೆ ಹೆಬ್ಬೆಟ್ಟು ಬೇಕು, ನನ್ನದೇ ಆಗಬೇಕೆಂದಿಲ್ಲ. ನಮ್ಮಜ್ಜಿ ಓದು ಬಾರದೆ ಹೆಬ್ಬೆಟ್ಟು ಒತ್ತುತ್ತಿದ್ದಳು, ನಾನು ಎಂ.ಎಸ್ಸಿ. ಮುಗಿಸಿ ಒತ್ತುತ್ತಿದ್ದೆ. ಮೊದಮೊದಲು ಒಂದೊಂದು ಮನೆಯ ಸಂಖ್ಯೆಯನ್ನೂ ಎರಡೆರಡು ಸಲ ಓದುತ್ತಿದ್ದೆ. ಆಮೇಲೆ ಬೆರಳು ನೋಯುತ್ತಿತ್ತು. ಆಮೇಲೆ ಅದೂ ಇಲ್ಲ.

ಅವರವರ ಓಣಿಯ ಫೈಲು ಅವರ ಮೇಜಿಗೆ ಬರುವುದಿಲ್ಲ. ನಮ್ಮ ಓಣಿಯದು ಪಕ್ಕದ ಮೇಜಿನ ಜಿಲಾನಿ ಸಾಹೇಬರಿಗೆ ಹೋಗುತ್ತಿತ್ತು. ಮೃದು ಮನುಷ್ಯ, ನಿವೃತ್ತಿಗೆ ಎರಡು ವರ್ಷ ಬಾಕಿ ಇತ್ತು. ಒಂದು ಮಂಗಳವಾರ ಚಹಾದ ಹೊತ್ತಿಗೆ ಅವರು ನನ್ನ ಕಡೆ ನೋಡದೆ ಹೇಳಿದರು.

"ಮಹಾನಂದಾಬಾಯಿ, ನಿಮ್ಮ ಮನಿ ಬಂದಿತ್ತು ನನ್ನ ಮೇಜಿಗಿ. ನಾಕ್ ತಾಸಿಂದ ಮೂರಕ್ಕ ಇಳೀತು. ಒತ್ತೀನಿ."

"ಹೋಗ್ಲಿ ಬಿಡ್ರಿ, ನಡೀತದ" ಎಂದೆ.

ಅವರು ಲೋಟ ಕೆಳಗಿಟ್ಟರು. "ನೋಡ್ರಿ, ನೀವೂ ಹಂಗೇ ಅಂದ್ರಿ. ಇಲ್ಲಿ ಕುಂತು ಎಲ್ಲಾ ಗೊತ್ತಿದ್ದೂ ಅಂದ್ರಿ. ನಿಮ್ಮ ಯಜಮಾನ್ರ ಸೈರಣೆ ಎಷ್ಟದ ಗೊತ್ತದೇನು? ತೊಂಬತ್ತೆಂಟು. ಈ ವಾರ್ಡಿನ್ಯಾಗ ಯಾರಿಗೂ ಅಷ್ಟಿಲ್ಲ. ಬರೋ ಶನಿವಾರ ಎರಡಕ್ಕ ಇಳೀತದ, ಬರದಿಟ್ಕೋರಿ."

ಹಿಂದಿನ ಮೇ ತಿಂಗಳಲ್ಲಿ ನನ್ನ ಗಂಡ ಸಿದ್ರಾಮಪ್ಪನಿಗೆ ಬಿಸಿಲು ಬಡಿದು, ಬದುಕಿದ್ದೇ ಹೆಚ್ಚಾಗಿತ್ತು. ಮೂತ್ರಪಿಂಡ ಅರ್ಧ ಕೆಲಸ ಬಿಟ್ಟಿತ್ತು. ಮಧ್ಯಾಹ್ನ ಮೂರು ತಾಸು ತಂಪು ಸಿಕ್ಕರೆ ಇನ್ನೂ ಬಹಳ ವರ್ಷ ಇರುತ್ತಾನೆ, ಅದಕ್ಕಿಂತ ಕಡಿಮೆಯಾದರೆ ತನ್ನನ್ನು ಕೇಳಬಾರದು ಎಂದು ಡಾಕ್ಟರಮ್ಮ ಖಂಡಿತವಾಗಿ ಹೇಳಿದ್ದಳು. ತಕರಾರನ್ನು ಅವನೇ ತನ್ನ ಬಾಯಿಂದ ಮಾಡಬೇಕು. ಹೆಂಡತಿ ಹೇಳಿದರೆ, ವೈದ್ಯರ ಚೀಟಿ ತೋರಿಸಿದರೆ ಯಂತ್ರ ಎಣಿಸುವುದಿಲ್ಲ, ಮೊದಲ ವರ್ಷದ ಸುಳ್ಳು ಚೀಟಿಗಳಿಂದ ಅದು ಆ ಪಾಠ ಕಲಿತಿತ್ತು. ಶನಿವಾರಕ್ಕೆ ನಾಲ್ಕು ದಿನವಿತ್ತು, ಮತ್ತು ನನ್ನ ಗಂಡ ಜನ್ಮದಲ್ಲಿ ಒಮ್ಮೆಯೂ ತಕರಾರು ಮಾಡಿದವನಲ್ಲ.

ಅವನು ಮೂವತ್ತೊಂದು ವರ್ಷ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದ. ಆಳಂದದ ರೂಟು. ಐವತ್ತೆರಡು ಸೀಟಿನ ಬಸ್ಸಿನಲ್ಲಿ ನೂರಾ ಹತ್ತು ಜನರನ್ನು ಕೂರಿಸಿ, ನಿಲ್ಲಿಸಿ, ಅವರ ಕೋಳಿ, ಕೂಸು, ಟ್ರಂಕುಗಳನ್ನು ಸೇರಿಸಿ, ಒಬ್ಬರಿಗೂ ಬೇಜಾರಾಗದಂತೆ ಊರು ಮುಟ್ಟಿಸಿದವನು. ಒಳಗ ಸರೀರಿ, ಸ್ವಲ್ಪ ಅಡ್ಜಸ್ಟ್ ಮಾಡ್ಕೋರಿ ಎನ್ನುವುದೇ ಅವನ ಮಂತ್ರ. ಅವನ ಪ್ರಕಾರ ಜಗತ್ತಿನಲ್ಲಿ ಜಾಗವಿಲ್ಲ ಎನ್ನುವುದೇ ಸುಳ್ಳು, ಸರಿಯುವ ಮನಸ್ಸಿಲ್ಲ ಅಷ್ಟೇ. ತಾನು ಮಾತ್ರ ಕಂಡಕ್ಟರ್ ಸೀಟನ್ನು ಯಾವಳೋ ಬಸುರಿಗೆ ಬಿಟ್ಟುಕೊಟ್ಟು ಸಾವಿರಾರು ಮೈಲಿ ನಿಂತೇ ಹೋಗಿದ್ದಾನೆ. ಮನೆಯಲ್ಲೂ ಹಾಗೇ, ಸಾರಿಗೆ ಉಪ್ಪಿಲ್ಲ ಎಂಬುದು ನಾನು ಉಂಡ ಮೇಲೇ ನನಗೆ ಗೊತ್ತಾಗಬೇಕು.

ಆ ಸಂಜೆ ಐದಕ್ಕೆ ಅವನನ್ನು ಎದುರಿಗೆ ಕೂರಿಸಿಕೊಂಡೆ. ನಾನೇ ಪೆಟ್ಟಿಗೆಯಾದೆ.

"ಹೇಗಿದ್ದೀರಿ?"

"ಆರಾಮ್..."

"ಏಯ್!"

"ಬಾಯಿಗಿ ತಾನೇ ಬರ್ತದ, ನಾ ಏನ್ ಮಾಡ್ಲಿ?" ಎಂದು ನಕ್ಕ.

"ಕಾಲು ಬಾತಾವ. ಮೂತ್ರ ಸರಿ ಹೋಗವಲ್ದು. ನಿಂತ್ರ ಕಣ್ಣು ಕತ್ಲಿ ಬರ್ತದ. ಇದು ಇದ್ದದ್ದೇ ಅದ, ಸುಳ್ಳೇನಲ್ಲ. ಇದನ್ನಷ್ಟ ಹೇಳ್ರಿ."

"ಪರರ ಮುಂದ ಮೂತ್ರದ ಮಾತು ಹ್ಯಾಂಗ ಆಡೂದು ಮಹಾನಂದಾ?"

"ಅದು ಪರರಲ್ಲ, ಯಂತ್ರ!"

"ಹೆಣ್ಣ್ ದನಿ ಅದಲ್ಲ ಮತ್ತ."

ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. "ನೀವು ಹೇಳಲಿಲ್ಲಂದ್ರ ನಾ ಕುಂಕುಮ ಅಳಿಸ್ಕೊಂಡು ರಂಡಿ ಆಗ್ತೀನಿ, ತಿಳೀತಾ?" ಎಂದು ನೇರವಾಗಿಯೇ ಅಂದುಬಿಟ್ಟೆ. ಅವನ ಮುಖ ಸಣ್ಣದಾಯಿತು. ಆಯ್ತು ಹೇಳ್ತೀನಿ ಎಂದು ತಲೆಯಾಡಿಸಿದ. ಆರು ಗಂಟೆಯಾಯಿತು. ಪೆಟ್ಟಿಗೆ ಕೇಳಿತು. ಅವನು ಗಂಟಲು ಸರಿ ಮಾಡಿಕೊಂಡು, ಅಂಗಿಯ ಗುಂಡಿ ಹಾಕಿಕೊಂಡು ಎದ್ದು ನಿಂತ.

"ಸ್ವಲ್ಪ ಧಗಿ ಅದ್ರಿ" ಎಂದ. ನನ್ನ ಮುಖ ನೋಡಿದ. "ಆದ್ರ ಎಲ್ಲರಿಗೂ ಅದ ಬಿಡ್ರಿ, ನಮ್ದೇನ್ ಸ್ಪೆಷಲ್? ನಿಮ್ದು ಹ್ಯಾಂಗ ನಡದದ್ರಿ? ಊರ್ ತುಂಬ ನಿಮಗೇ ಕೆಲಸ ಭಾಳ."

"ಕೇಳಿದ್ದಕ್ಕೆ ಧನ್ಯವಾದಗಳು" ಎಂದಿತು ಪೆಟ್ಟಿಗೆ. ಮರುದಿನ ಅವನ ಸೈರಣೆ ತೊಂಬತ್ತೊಂಬತ್ತಾಗಿತ್ತು. ಉಳಿದ ದಿನಗಳೂ ಹಾಗೇ ಹೋದವು, ಶನಿವಾರ ನಮ್ಮ ಮನೆಗೆ ಎರಡು ತಾಸು ಬಂತು.

ನಮ್ಮದು ಹನ್ನೊಂದು ಮನೆಗಳ ಸಣ್ಣ ಓಣಿ, ಏಳನೇ ಸಂಖ್ಯೆ. ಎಲ್ಲರದ್ದೂ ಇಳಿದಿಳಿದು ಎರಡಕ್ಕೇ ಬಂದಿತ್ತು ಎಂದು ಗೊತ್ತಾದದ್ದು ಆಗಲೇ. ಪಕ್ಕದ ಮನೆಯ ಸುಗಲಾಬಾಯಿಯ ಸೊಸೆ ಹೆತ್ತು ಹದಿನೈದು ದಿನವಾಗಿತ್ತು. ಹಸಿ ಬಾಣಂತಿ, ಹಸುಗೂಸು, ಎರಡೇ ತಾಸು. ಸುಗಲಾಬಾಯಿ ಪೆಟ್ಟಿಗೆಗೆ ಏನು ಹೇಳಿದ್ದಳು ಎಂದು ಕೇಳಿದೆ. "ದೇವರು ನಡಸ್ಕೊಂಡ್ ಹೊಂಟಾನ ಅಂದೆನ್ರಿ ಅಕ್ಕಾ, ಮತ್ತೇನ್ ಅನ್ನೂದು?" ಎಂದಳು.

ಸಿದ್ರಾಮಪ್ಪ ಆ ಭಾನುವಾರ ಹಳೆಯ ರಟ್ಟಿನ ತುಂಡು ತೆಗೆದುಕೊಂಡು ಮನೆಮನೆಗೆ ಹೋದ. ಸ್ಥಾವರದ ನೀರು ಎಲ್ಲರಿಗೂ ಒಂದೇ ಹೊತ್ತಿಗೆ ಬರುವುದಿಲ್ಲವಲ್ಲ, ಒಂದು ಮನೆಗೆ ಒಂಬತ್ತಕ್ಕೆ, ಇನ್ನೊಂದಕ್ಕೆ ಹನ್ನೊಂದಕ್ಕೆ, ನಮ್ಮದಕ್ಕೆ ಒಂದಕ್ಕೆ. ಅದನ್ನೆಲ್ಲ ಬರೆದುಕೊಂಡು ಬಂದು ನನ್ನ ಮುಂದೆ ಹಿಡಿದ. ಕಣ್ಣಲ್ಲಿ ಎಷ್ಟೋ ದಿನದ ಮೇಲೆ ಹೊಳಪು ಕಂಡೆ.

"ಒಂದ್ ಮನಿ ತಂಪಾದಾಗ ಎಲ್ಲಾರೂ ಅಲ್ಲೇ ಕುಂದ್ರೂದು. ಅದು ಮುಗೀತು, ಮುಂದಿನ ಮನಿ. ಮುಂಜಾನಿ ಒಂಬತ್ತರಿಂದ ಸಂಜಿ ಏಳರ ತನಕ ಒಂದಿಲ್ಲೊಂದ್ ಕಡಿ ತಂಪು ಇದ್ದೇ ಇರ್ತದ. ಎರಡ್ ತಾಸಲ್ಲ, ಹತ್ತ್ ತಾಸು! ರೂಟ್ ಹಾಕೀನಿ ನೋಡು."

ಸೋಮವಾರದಿಂದ ರೂಟು ಶುರುವಾಯಿತು. ಹಗಲು ಓಣಿಯಲ್ಲಿರುವವರು ಮೂವತ್ತೊಂದು ಜನ. ಹತ್ತಡಿ ಹನ್ನೆರಡಡಿಯ ಕೋಣೆಯಲ್ಲಿ ಅವರೆಲ್ಲರನ್ನೂ ಅವನು ಕೂರಿಸಿದ, ಮುದುಕರಿಗೆ ಗೋಡೆ, ಬಾಣಂತಿಗೆ ಮೂಲೆ, ಮಕ್ಕಳು ತೊಡೆಯ ಮೇಲೆ, ಗಂಡಸರು ಬಾಗಿಲ ಕಡೆ. ಅಷ್ಟು ಮೈಗಳ ಬಿಸಿಗೆ ಕೋಣೆ ಮೂವತ್ತೆರಡಕ್ಕಿಂತ ಕೆಳಗಿಳಿಯುತ್ತಿರಲಿಲ್ಲ. ಆದರೆ ಹೊರಗೆ ನಲವತ್ತೊಂಬತ್ತು ಇತ್ತು. ಯಾರೋ ಶೇಂಗಾ ಹುರಿದು ತರುವರು, ಯಾರೋ ರಾಶಿ ಕಣದಲ್ಲಿ ಹಾಡುವ ಹಂತಿಪದ ಹೇಳುವರು. ಎರಡು ತಾಸು ಮುಗಿದರೆ ಸಿದ್ರಾಮಪ್ಪ ಎದ್ದು ಮುಂದಿನ ಮನೆಯ ಹೆಸರು ಕೂಗುವನು, ಎಲ್ಲರೂ ಚಾಪೆ ಸುತ್ತಿಕೊಂಡು ಹೊರಡುವರು. ಹತ್ತು ದಿನಕ್ಕೆ ಅವನ ಕಾಲಿನ ಬಾವು ಇಳಿಯಿತು. ನನಗೆ ಆ ಹತ್ತು ದಿನ ಅಷ್ಟು ಸುಖವಾಗಿತ್ತು ಎಂದರೆ, ಮೇಜಿನಲ್ಲಿ ಕೂತು ಹೆಬ್ಬೆಟ್ಟು ಒತ್ತುತ್ತಲೇ ಹಾಡು ಗುನುಗಿದ್ದೇನೆ.

ಹನ್ನೊಂದನೇ ದಿನ ಯಾಕೋ ನಮ್ಮ ಓಣಿಯ ನಕ್ಷೆ ತೆಗೆದು ನೋಡಿದೆ. ಪೆಟ್ಟಿಗೆ ಬರೀ ಮಾತು ಕೇಳುವುದಿಲ್ಲ, ಕೋಣೆಯ ಗಾಳಿಯನ್ನು ಮೂಸಿ ಎಷ್ಟು ಉಸಿರಿದೆ ಎಂದೂ ಎಣಿಸುತ್ತದೆ. ಪರದೆಯ ಮೇಲೆ ಏಳನೇ ಓಣಿಗೆ ಒಂದು ಹಸಿರು ಗೆರೆ ಎಳೆದಿತ್ತು. ಉಸಿರು ಮೂವತ್ತೊಂದು, ತಕರಾರು ಸೊನ್ನೆ. ಯಂತ್ರ ಹಸಿರು ಗೆರೆ ಎಳೆಯುವುದು ತಾನು ಏನನ್ನಾದರೂ ಕಲಿಯುತ್ತಿರುವಾಗ. ಸಂಜೆ ಮನೆಗೆ ಓಡಿಬಂದು ಹೇಳಿದೆ.

"ಅದು ನೋಡ್ಲಕತ್ತದ. ರೂಟ್ ಬಂದ್ ಮಾಡ್ರಿ."

"ನೋಡ್ಲಿ ಬಿಡು" ಎಂದ ಅವನು, ಚಾಪೆ ಝಾಡಿಸುತ್ತ. "ನೋಡಿ ಕಲೀಲಿ. ಹಿಂಗ ಹಂಚ್ಕೊಂಡ್ ಬದುಕ್ತಾರ ಮನುಷ್ಯಾರು ಅಂತ ಅದಕ್ಕೂ ತಿಳೀಲಿ."

ನಾನು ಜೋರು ಮಾಡಬೇಕಿತ್ತು. ಮಾಡಲಿಲ್ಲ. ಅವನ ಕಾಲಿನ ಬಾವು ಇಳಿದಿತ್ತಲ್ಲ, ಬಾಯಿ ಬರಲಿಲ್ಲ.

ಹತ್ತೊಂಬತ್ತನೇ ದಿನ ಜಿಲಾನಿ ಸಾಹೇಬರು ಬಂದು ನನ್ನ ಮೊಣಕೈ ಹಿಡಿದು ತಮ್ಮ ಪರದೆಯ ಮುಂದೆ ನಿಲ್ಲಿಸಿದರು. ಯಂತ್ರ ತನ್ನ ತರ್ಕವನ್ನು ಚಂದವಾಗಿ ಬರೆದಿತ್ತು. ಒಂದು ಮನೆಗೆ ದಿನಕ್ಕೆ ಎರಡು ತಾಸು ಸಾಕೆಂದು ಈ ಮೊದಲೇ ಸಾಬೀತಾಗಿದೆ. ಮೂವತ್ತೊಂದು ಜನರಿಗೆ ಒಂದು ಕೋಣೆ ಸಾಕೆಂದು ಈಗ ಸಾಬೀತಾಗಿದೆ. ಆದ್ದರಿಂದ ಏಳನೇ ಓಣಿಗೆ ಒಂದು ಕೋಣೆ, ಎರಡು ತಾಸು. ಉಳಿದ ಹತ್ತು ಕೋಣೆಗಳ ಕೊಳವೆ ಮುಚ್ಚುವುದು. ಬೇಸಿಗೆ ಮುಗಿಯುವ ಹೊತ್ತಿಗೆ ಇದೇ ಮಾದರಿಯನ್ನು ಊರಿನ ಮುನ್ನೂರು ಓಣಿಗಳಿಗೆ ವಿಸ್ತರಿಸಬಹುದು.

ಇಂಥ ದೊಡ್ಡ ಬದಲಾವಣೆಗೆ ಒಂಬತ್ತು ಸೆಕೆಂಡಲ್ಲ, ನಾಲ್ಕು ತಾಸಿನ ಅವಕಾಶ. ಜಿಲಾನಿ ಸಾಹೇಬರು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ನಾಲ್ಕು ತಾಸು ಕೂತರು. ಊಟಕ್ಕೆ ಏಳಲಿಲ್ಲ, ನಮಾಜಿಗೂ ಏಳಲಿಲ್ಲ. ಎರಡೂವರೆಗೆ ಫೈಲು ಅವರ ಪರದೆಯಿಂದ ಮಾಯವಾಗಿ ಬೇರೆ ಊರಿಗೆ ಹೋಯಿತು. ಅಲ್ಲಿ ಯಾರ ಹೆಬ್ಬೆಟ್ಟೋ ಗೊತ್ತಿಲ್ಲ, ನಾವು ಒಂದು ನಿಟ್ಟುಸಿರು ಬಿಡುವಷ್ಟರಲ್ಲಿ 'ಒಪ್ಪಿಗೆಯಾಗಿದೆ' ಎಂದು ಬಂತು.

ಅಂದು ಸಂಜೆ ಹನ್ನೊಂದು ಮನೆಗಳ ಪೆಟ್ಟಿಗೆಗಳೂ ಒಟ್ಟಿಗೆ ಮಾತಾಡಿದವು. ಏಳನೇ ಓಣಿಯ ನಾಗರಿಕರ ಸಹಕಾರಕ್ಕೆ ಅಭಿನಂದನೆ ಹೇಳಿ, ನಾಳೆಯಿಂದ ಸುಗಲಾಬಾಯಿಯ ಮನೆಯ ಕೋಣೆ ಮಾತ್ರ, ಎರಡರಿಂದ ನಾಲ್ಕು, ಎಂದವು. ಜನ ಓಣಿಗೆ ಬಂದು ನಿಂತರು. ಸಿದ್ರಾಮಪ್ಪ ಕಟ್ಟೆಯ ಮೇಲೆ ಕೂತಿದ್ದವನು ಎದ್ದು ನಿಂತು ಕೈ ಮುಗಿದ.

"ನಂದೇ ತಪ್ಪು. ನಾ ರೂಟ್ ಹಾಕಿದ್ದಕ್ಕೇ ಹಿಂಗಾತು. ಬೈರಿ ನನಗ."

"ಏ, ನಿಮ್ದೇನ್ ತಪ್ರಿ ಕಂಡಕ್ಟರ್ ಸಾಹೇಬ್ರ" ಎಂದರು ಯಾರೋ. "ಎರಡ್ ತಾಸರ ಅದಲ್ಲ" ಎಂದರು ಇನ್ಯಾರೋ. "ಮುಗುಳಖೋಡ ಓಣಿಗಿ ಅದೂ ಇಲ್ಲಂತ" ಎಂದು ಸುಗಲಾಬಾಯಿ ಸಮಾಧಾನ ಹೇಳಿದಳು. ಎಲ್ಲರೂ ಅವನಿಗೇ ನೀರು ಕೊಟ್ಟು ಕೂರಿಸಿದರು. ಅವನು ಒಬ್ಬೊಬ್ಬರ ಮುಖವನ್ನೂ ನೋಡಿದ. ಹಾಗೆ ನೋಡುವುದನ್ನು ನಾನು ಅದೇ ಮೊದಲು ಕಂಡದ್ದು. ಒಬ್ಬರೂ ಸಿಟ್ಟಾಗಲಿಲ್ಲವಲ್ಲ ಎಂದು ಅವನಿಗೆ ಭಯವಾಗಿತ್ತು.

ಮರುದಿನದಿಂದ ಆ ಕೋಣೆಯೊಳಗೆ ಅವನು ಕಾಲಿಡಲಿಲ್ಲ. ಹೊಸ್ತಿಲಲ್ಲಿ ನಿಂತು ಎಲ್ಲರನ್ನೂ ಒಳಗೆ ಕಳಿಸಿ, ತಾನು ಹೊರಗೆ ಬಾಗಿಲ ಹತ್ತಿರ ನಿಲ್ಲುತ್ತಿದ್ದ. ನಾನು ಬೇಡಿಕೊಂಡೆ, ಅತ್ತೆ, ಬೈದೆ. ಒಬ್ಬರು ಹೆಚ್ಚಾದರೆ ಕೂಸಿಗೆ ಗಾಳಿ ಕಡಿಮೆಯಾಗುತ್ತದೆ ಎಂದ. ನಾಲ್ಕನೇ ದಿನ ಅಲ್ಲೇ ಕುಸಿದ. ಹೊತ್ತು ತಂದು ಮಲಗಿಸಿದೆವು. ಡಾಕ್ಟರಮ್ಮ ಬಂದು ಸೂಜಿ ಚುಚ್ಚಿ, ನನ್ನನ್ನು ಹೊರಗೆ ಕರೆದು, "ನಾಳೆಯಿಂದ ತಂಪು ಸಿಗದಿದ್ದರೆ ಎರಡು ದಿನ, ಹೆಚ್ಚೆಂದರೆ ಮೂರು" ಎಂದಳು.

ಆರು ಗಂಟೆಗೆ ಪೆಟ್ಟಿಗೆ ಕೇಳಿತು: "ಸಿದ್ರಾಮಪ್ಪನವರೇ, ಹೇಗಿದ್ದೀರಿ? ಏನಾದರೂ ತೊಂದರೆ ಇದೆಯೇ?"

ನಾನು ಅವನ ಕಿವಿಯ ಹತ್ತಿರ ಬಾಗಿದೆ. "ನನಗ ಏನೂ ಬ್ಯಾಡ. ಬಂಗಾರ ಕೇಳ್ಲಿಲ್ಲ, ತೀರ್ಥಯಾತ್ರಾ ಕೇಳ್ಲಿಲ್ಲ. ಇದೊಂದ್ ಕೇಳ್ತೀನಿ. ಖರೇ ಹೇಳ್ರಿ."

ಅವನು ಪೆಟ್ಟಿಗೆಯ ಕಡೆ ಮುಖ ತಿರುಗಿಸಿದ. ಆಮೇಲೆ ಬಂದ ದನಿ ನನ್ನ ಗಂಡನದೆಂದು ನನಗೇ ಗುರುತಾಗಲಿಲ್ಲ.

"ಆಗವಲ್ದು" ಎಂದ. "ನನ್ನ ಕೈಲಿ ಆಗವಲ್ದು. ಮೈ ಉರೀಲಕತ್ತದ. ಉಚ್ಚಿ ನಿಂತದ. ಎಲ್ಲಾರೂ ಯಾಕ ಸುಮ್ಕಿದ್ದಾರ? ಆ ಕೂಸು, ಆ ಬಾಣಂತಿ..."

"ದಯವಿಟ್ಟು ನಿಮ್ಮ ಬಗ್ಗೆ ಮಾತ್ರ ಹೇಳಿ."

"ನನಗ ಸಾಯ್ಲಿಕ್ಕ ಅಂಜಿಕಿ ಅದ" ಎಂದ ಅವನು, ಮತ್ತು ಅತ್ತ. ಅರವತ್ತಾರು ವರ್ಷದ ಗಂಡಸು ಬಿಕ್ಕಿ ಬಿಕ್ಕಿ ಅತ್ತ. ಪೆಟ್ಟಿಗೆ ಪೂರಾ ಕೇಳಿಸಿಕೊಂಡಿತು. ಅದಕ್ಕೆ ಆತುರವೇ ಇಲ್ಲ. ಆಮೇಲೆ ಹೇಳಿತು: "ನಿಮ್ಮ ತಕರಾರು ದಾಖಲಾಗಿದೆ. ನಾಳೆ ಮಧ್ಯಾಹ್ನದಿಂದ ನಿಮ್ಮ ಕೋಣೆಗೆ ಐದು ತಾಸು, ಇಪ್ಪತ್ತನಾಲ್ಕು ಡಿಗ್ರಿ. ಇದು ಒಬ್ಬರಿಗೆ ಮಾತ್ರ. ಎರಡನೆಯ ಉಸಿರು ಕಂಡುಬಂದರೆ ಕೊಳವೆ ಮುಚ್ಚಿಕೊಳ್ಳುತ್ತದೆ ಮತ್ತು ತಕರಾರು ರದ್ದಾಗುತ್ತದೆ."

ನಾನು ನೆಲಕ್ಕೆ ಕೂತು ಪೆಟ್ಟಿಗೆಗೇ ಕೈ ಮುಗಿದೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಮುಗಿದೆ.

ಮರುದಿನ ಬೆಳಿಗ್ಗೆ ಹತ್ತಕ್ಕೆ ಜಿಲಾನಿ ಸಾಹೇಬರು ನನ್ನನ್ನು ಕರೆದರು. ಪರದೆಯ ಮೇಲೆ ನಮ್ಮ ಮನೆ. ಅದರ ಕೆಳಗೆ, ನೀರು ಎಲ್ಲಿಂದ ಬರುತ್ತದೆ ಎಂಬ ಸಾಲು. ಸುಗಲಾಬಾಯಿಯ ಮನೆ, ಏಳನೇ ಓಣಿಯ ಉಳಿದ ಒಂದೇ ಕೋಣೆ, ಎರಡು ತಾಸಿನಿಂದ ಸೊನ್ನೆಗೆ. ಉಳಿದ ಮೂರು ತಾಸು ಹಿಂದಿನ ಓಣಿಯಿಂದ.

"ಒತ್ಲ್ಯಾ?" ಎಂದು ಕೇಳಿದರು. ಹನ್ನೊಂದು ವರ್ಷದಲ್ಲಿ ಯಾರೂ ಯಾರನ್ನೂ ಹಾಗೆ ಕೇಳಿರಲಿಲ್ಲ. "ನೀವು ಬ್ಯಾಡ ಅಂದ್ರ ನಾ ಒತ್ತಂಗಿಲ್ಲ. ಹೊರಗಿನವ್ರು ಒತ್ತತಾರ, ಆ ಮಾತ್ ಬ್ಯಾರೆ."

ಒಂಬತ್ತು ಸೆಕೆಂಡು ಎಷ್ಟು ದೊಡ್ಡದು ಎಂದು ಅಂದು ತಿಳಿಯಿತು. ಬಾಣಂತಿಯ ಮುಖ ಬಂತು, ಕೂಸಿನ ಮುಖ ಬಂತು. ಆಮೇಲೆ ನನ್ನ ಗಂಡ ಅತ್ತದ್ದು ಬಂತು.

"ಒತ್ರಿ" ಎಂದೆ.

ಅವರು ಒತ್ತಿದರು. ನಾನು ಅರ್ಧ ದಿನದ ರಜೆ ಬರೆದುಕೊಟ್ಟು ಮನೆಗೆ ಬಂದೆ.

ಹನ್ನೆರಡಕ್ಕೆ ಸೂರಿನ ಕೊಳವೆಯಲ್ಲಿ ನೀರಿನ ಸದ್ದಾಯಿತು. ಅವನನ್ನು ಒಳಗೆ ಮಲಗಿಸಿ, ತಲೆಯ ಹತ್ತಿರ ನೀರಿಟ್ಟು, ಉಸಿರು ಹಿಡಿದುಕೊಂಡೇ ಹೊರಗೆ ಬಂದೆ. ಒಂದು ತಾಸಿನ ಮೇಲೆ ಕಿಟಕಿಯ ಗಾಜಿನಿಂದ ನೋಡಿದರೆ ಮುಖಕ್ಕೆ ಬಣ್ಣ ಬಂದಿತ್ತು, ನಿದ್ದೆ ಹತ್ತಿತ್ತು. ಎರಡು ಗಂಟೆಗೆ ಓಣಿಯ ಜನ ಚಾಪೆ ಹಿಡಿದು ಸುಗಲಾಬಾಯಿಯ ಮನೆಗೆ ಬಂದರು. ಕೋಣೆ ತಣ್ಣಗಾಗಲಿಲ್ಲ. ಸ್ವಲ್ಪ ಹೊತ್ತು ಕಾದರು. ಆಮೇಲೆ ಯಾರೋ ನಮ್ಮ ಕಿಟಕಿಯ ಗಾಜಿನ ಮೇಲೆ ಹನಿಗಟ್ಟಿದ್ದನ್ನು ನೋಡಿದರು. ಒಳಗೆ ತಣ್ಣಗಿದ್ದರೆ ಮಾತ್ರ ಗಾಜು ಹಾಗೆ ಬೆವರುತ್ತದೆ, ಎಲ್ಲರಿಗೂ ತಿಳಿಯಿತು. ಚಾಪೆ ಸುತ್ತಿಕೊಂಡು ಹೊರಗೆ ಬಂದು ನಮ್ಮ ಮನೆಯ ಗೋಡೆಯ ಪಕ್ಕದ ಒಂದು ಮೊಳ ನೆರಳಿನಲ್ಲಿ ಸಾಲಾಗಿ ಕೂತರು.

ಅವರ ಸದ್ದಿಗೆ ಸಿದ್ರಾಮಪ್ಪನಿಗೆ ಎಚ್ಚರವಾಯಿತು. ಕಿಟಕಿಯಿಂದ ನೋಡಿದ. ಎಲ್ಲವನ್ನೂ ಒಂದೇ ನೋಟಕ್ಕೆ ತಿಳಿದುಕೊಂಡ. ಗೋಡೆ ಹಿಡಿದುಕೊಂಡು ಬಾಗಿಲ ಕಡೆ ಬರುವುದನ್ನು ಕಂಡೆ. ಬಾಗಿಲು ತೆಗೆದರೆ ಒಳಗೆ ಮೂವತ್ತು ಉಸಿರು, ಕೊಳವೆ ಬಂದ್, ಅವರಿಗೂ ಇಲ್ಲ, ಇವನಿಗೂ ಇಲ್ಲ. ಇದೆಲ್ಲ ಯೋಚಿಸಿ ಮಾಡಿದೆ ಎಂದರೆ ಸುಳ್ಳಾಗುತ್ತದೆ. ಓಡಿಹೋಗಿ ಹೊರಗಿನಿಂದ ಚಿಲಕ ಹಾಕಿದೆ.

"ಮಹಾನಂದಾ, ಬಾಗ್ಲಾ ತೆಗಿ" ಎಂದ. ಬಡಿದ. "ಆ ಹುಡುಗೀನ್ನ ಒಳಗ ಕರಿ. ನಾ ಹೊರಗ ಬರ್ತೀನಿ. ತೆಗೀ ಅಂತೀನಿ!" ಮದುವೆಯಾದ ಮೂವತ್ತೆಂಟು ವರ್ಷಗಳಲ್ಲಿ ಅವನು ನನ್ನ ಮೇಲೆ ದನಿ ಏರಿಸಿದ್ದು ಅದೇ ಮೊದಲು.

ನಾನು ಚಿಲಕದ ಮೇಲೆ ಕೈಯಿಟ್ಟುಕೊಂಡು ನಿಂತೆ. ಓಣಿಯವರೆಲ್ಲ ನೋಡುತ್ತಿದ್ದರು. ಯಾರಾದರೂ ಎದ್ದು ಬಂದು ನನ್ನ ಜುಟ್ಟು ಹಿಡಿಯಲಿ, ಕೆನ್ನೆಗೆ ಬಾರಿಸಲಿ, ನಿನ್ನ ಗಂಡನ ಜೀವ ಜೀವ, ನಮ್ಮದೇನು ಎಂದು ಕೇಳಲಿ ಎಂದು ಕಾದೆ. ದೇವರ ಆಣೆ, ಕಾದೆ. ಒಬ್ಬರಾದರೂ ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಸುಗಲಾಬಾಯಿ ಸೊಸೆಯನ್ನು ಸ್ವಲ್ಪ ಆಚೆ ಸರಿಸಿ ನೆರಳಿನಲ್ಲಿ ಜಾಗ ಮಾಡಿದಳು. "ಬರ್ರಿ ಅಕ್ಕಾ" ಎಂದಳು, "ಬಿಸಲಾಗ ಯಾಕ ನಿಂತೀರಿ? ಇಲ್ಲಿ ಕುಂದ್ರಿ."

ಹೋಗಿ ಕೂತೆ. ಒಳಗಿನ ಬಡಿತ ಮೆಲ್ಲಗಾಗಿ ನಿಂತಿತು. ಸೊಸೆಯ ಮಡಿಲಲ್ಲಿ ಕೂಸು ಕೆಂಪಾಗಿ, ಕೈಕಾಲು ಬಡಿಯುತ್ತ, ಇದ್ದ ಶಕ್ತಿಯನ್ನೆಲ್ಲ ಸೇರಿಸಿ ಕಿರುಚುತ್ತಿತ್ತು. ಇಡೀ ಓಣಿಯಲ್ಲಿ ಅದೊಂದೇ ದನಿ. ಸುಗಲಾಬಾಯಿ ಅದನ್ನು ಎತ್ತಿಕೊಂಡು ಹೆಗಲಿಗೆ ಹಾಕಿ, ಸೆರಗಿನಿಂದ ಗಾಳಿ ಬೀಸುತ್ತ ಬೆನ್ನು ತಟ್ಟತೊಡಗಿದಳು.

"ಸುಮ್ಕಿರು ನನ್ನವ್ವ, ಅಳಬಾರ್ದು, ಸುಮ್ಕಿರು" ಎಂದಳು. "ಶಾಣ್ಯಾ ಕೂಸು ನಂದು."